ಲಿನಕ್ಸ್‌ನಲ್ಲಿ ಡ್ರಾಯಿಂಗ್ ಸಾಫ್ಟ್‌ವೇರ್: ಕಟರ್ ಕಡೆಯಿಂದ ಹಿಂದಕ್ಕೆ ಬಂದು ಆರಿಸಿದ್ದು

ವಿಂಡೋಸ್ ಬದಲಿಗೆ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ, ನಮ್ಮ ಕಸುಬಿನವರ ಡ್ರಾಯಿಂಗ್ ಸಾಫ್ಟ್‌ವೇರ್ ಆದ ಕೋರಲ್‌ಡ್ರಾ ಇಲ್ಲ. ಸ್ಟಿಕರ್, ಬೋರ್ಡ್, ಲೇಬಲ್ ಕೆಲಸ ಮಾಡುವವರ ನಡುವೆ ಲಿನಕ್ಸ್ ಮಾತು ಬಂದರೆ ಇಲ್ಲಿಗೇ ನಿಂತುಬಿಡುತ್ತದೆ. ಒಂದು ಕಾಲಕ್ಕೆ ಇತ್ತು ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. 2000ದಲ್ಲಿ ಕೋರಲ್ ಕಂಪನಿಯೇ ಕೋರಲ್‌ಡ್ರಾ 9 ಅನ್ನು ಲಿನಕ್ಸ್‌ಗೆ ತಂದಿತ್ತು, ವಿಂಡೋಸ್ ಸಾಫ್ಟ್‌ವೇರನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೇಲೆ ಓಡುವ ಹಾಗೆ. ಆಮೇಲೆ ಕೈಬಿಟ್ಟರು. ಅಡೋಬಿಯವರ ಡ್ರಾಯಿಂಗ್ ಸಾಫ್ಟ್‌ವೇರ್ ಇಲಸ್ಟ್ರೇಟರ್ ಅಂತೂ ಈ ಕಡೆ ತಲೆಯೇ ಹಾಕಲಿಲ್ಲ.

ಕೋಲಾರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಸ್ಟಿಕರ್ ಹಾಳೆಯನ್ನು ಬ್ಲೇಡಿನಿಂದ ಕತ್ತರಿಸುವ ಒಂದು ವಿನೈಲ್ ಕಟರ್, ಒಂದು ಕಂಪ್ಯೂಟರ್, ಸಹಾಯಕ್ಕೆ ಒಬ್ಬ ಹುಡುಗ. ಟೊಮೆಟೊ ಮಂಡಿಗಳಿಗೆ ಕ್ರೇಟ್ ಮೇಲೆ ಬಣ್ಣ ಹೊಡೆಯುವ ಸ್ಟೆನ್ಸಿಲ್, ಆಟೊ ಟ್ರ್ಯಾಕ್ಟರ್‌ಗಳ ಸ್ಟಿಕರ್, ಅಂಗಡಿ ಬೋರ್ಡ್, ಸೀಸನ್‌ನಲ್ಲಿ ಶ್ರೀನಿವಾಸಪುರದ ಮಾವಿನ ಬಾಕ್ಸ್‌ಗೆ ಲೇಬಲ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ನನ್ನ ಹಳೆ ಕಂಪ್ಯೂಟರ್‌ಗೆ 11 ಹಾಕಲು ಬರುವುದಿಲ್ಲ. ಹೊಸ ಕಂಪ್ಯೂಟರ್, ಹೊಸ ಲೈಸೆನ್ಸ್ ಅಂತ ಲೆಕ್ಕ ಹಾಕಿದರೆ ಹೊಸ ಕಟರೇ ಬರುತ್ತಿತ್ತು. ಕ್ರ್ಯಾಕ್ ಹಾಕಿಸಿಕೊಳ್ಳಿ ಅನ್ನುವ ಸಲಹೆ ಪುಕ್ಕಟೆ ಸಿಗುತ್ತದೆ, ಜೊತೆಗೆ ವೈರಸ್ಸೂ ಪುಕ್ಕಟೆ. ಬೇಡ ಅಂತ ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದೆ.

ಡ್ರಾಯಿಂಗ್ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅಂತ ಹುಡುಕಿದರೆ ಬ್ರಷ್ ಎಷ್ಟು, ಗ್ರೇಡಿಯಂಟ್ ಎಷ್ಟು, ಎಫೆಕ್ಟ್ ಎಷ್ಟು ಅನ್ನುವ ಪಟ್ಟಿಗಳೇ ಸಿಗುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲು ನನಗೆ ಬೇಕಿಲ್ಲ. ಹಾಗಾಗಿ ನಾನು ಕೆಲಸದ ಕೊನೆಯಿಂದ ಹಿಂದಕ್ಕೆ ಬಂದೆ. ಅಂಗಡಿಯಿಂದ ಹೊರಗೆ ಏನು ಹೋಗುತ್ತದೆ? ಬ್ಲೇಡಿಗೆ ಹೋಗುವ ಗೆರೆ, ಫ್ಲೆಕ್ಸ್ ಮಷಿನ್‌ಗೆ ಹೋಗುವ ಚಿತ್ರ, ಆಫ್‌ಸೆಟ್ ಪ್ರೆಸ್‌ಗೆ ಹೋಗುವ ಪಿಡಿಎಫ್. ಒಳಗೆ ಏನು ಬರುತ್ತದೆ? ಕನ್ನಡ ಅಕ್ಷರ, ಗಡಿ ಕಡೆಯ ಗಿರಾಕಿಗಳ ತೆಲುಗು ಅಕ್ಷರ, ಬೇರೆಯವರು ಮಾಡಿದ ಸಿಡಿಆರ್, ಅಂದರೆ ಕೋರಲ್‌ಡ್ರಾ ಫೈಲ್. ಇವಿಷ್ಟೂ ಸಲೀಸಾಗಿ ನಡೆದರೆ ಆ ಸಾಫ್ಟ್‌ವೇರ್ ನನಗೆ ಸಾಕು.

ಎದುರಿಗಿದ್ದವು ಕೆಲವೇ. ಝಾರಾ ಎಕ್ಸ್‌ಟ್ರೀಮ್‌ನ ಕೋಡನ್ನು 2006ರಲ್ಲಿ ಬಿಡುಗಡೆ ಮಾಡಿದ್ದರು, ಬಹಳ ವೇಗದ ಸಾಫ್ಟ್‌ವೇರ್, ಆದರೆ ಮುಂದಕ್ಕೆ ಹೋಗಲೇ ಇಲ್ಲ. ಕೆಡಿಇಯವರ ಕಾರ್ಬನ್ ಇದೆ, ಕೆಲಸ ನಿಧಾನಕ್ಕೆ ನಡೆಯುತ್ತಿದೆ. ಲಿಬ್ರೆಆಫೀಸ್ ಡ್ರಾ ಸಣ್ಣಪುಟ್ಟದಕ್ಕೆ ಅಡ್ಡಿಯಿಲ್ಲ, ಗೆರೆಯ ಮೇಲಿನ ಚುಕ್ಕೆ, ಅಂದರೆ ನೋಡ್ ಹಿಡಿದು ತಿದ್ದುವಾಗ ಕೈ ಕಟ್ಟಿದಂತಾಗುತ್ತದೆ. ಕ್ರಿಟಾದಲ್ಲಿ ಗೆರೆಚಿತ್ರಕ್ಕೆ ವೆಕ್ಟರ್ ಲೇಯರ್ ಇದ್ದರೂ ಅದು ಬಣ್ಣ ಹಚ್ಚುವವರ ಸಾಮಾನು. ಬ್ರೌಸರ್‌ನಲ್ಲಿ ನಡೆಯುವವು ಚೆನ್ನಾಗಿಯೇ ಇವೆ, ನೆಟ್ ಹೋದರೆ ಅಂಗಡಿ ಮುಚ್ಚಬೇಕು. ಉಳಿದದ್ದು ಇಂಕ್‌ಸ್ಕೇಪ್. 2003ರಲ್ಲಿ ಸೋಡಿಪೋಡಿ ಅನ್ನುವ ಸಾಫ್ಟ್‌ವೇರಿನಿಂದ ಕವಲೊಡೆದದ್ದು. 1.0 ಬರಲು 2020ರ ಮೇ ತಿಂಗಳ ತನಕ ಕಾಯಬೇಕಾಯಿತು. ನಾನು ಬಳಸುವುದು 2024ರ ಅಕ್ಟೋಬರ್‌ನಲ್ಲಿ ಬಂದ 1.4.

ಅದರಲ್ಲೂ ಎಲ್ಲಿಂದ ಹಾಕಿಕೊಳ್ಳುತ್ತೀರಿ ಅನ್ನುವುದು ಮುಖ್ಯ. ಮಿಂಟ್ ಕಟ್ಟಿರುವುದು ಉಬುಂಟು ಎಂಬ ಇನ್ನೊಂದು ಲಿನಕ್ಸ್ ಮೇಲೆ. ಉಬುಂಟು 24.04ರ ಸಾಫ್ಟ್‌ವೇರ್ ಭಂಡಾರದಲ್ಲಿ, ಅಂದರೆ ಮಿಂಟ್ 22ರಲ್ಲೂ, ಇರುವುದು ಹಳೆಯ 1.2.2. ಹೊಸದು ಬೇಕಿದ್ದರೆ ಫ್ಲಾಟ್‌ಪ್ಯಾಕ್ ಅಥವಾ ಆ್ಯಪ್‌ಇಮೇಜ್ ರೂಪದ ಪ್ಯಾಕೇಜ್ ಹಾಕಿಕೊಳ್ಳಬೇಕು. ಉಬುಂಟುವಿನಲ್ಲಿ ಸ್ನ್ಯಾಪ್ ಅನ್ನುವ ಪ್ಯಾಕೇಜ್ ಹಾಕಿಕೊಂಡವರಿಗೆ ಗಿರಾಕಿ ತಂದ ಪೆನ್‌ಡ್ರೈವ್ ಕಾಣದೆ ಹೋಗಬಹುದು. ಅದಕ್ಕೆ ಬೇರೆ ಅನುಮತಿ ಕೊಡಬೇಕು. ನಾನು ಆ್ಯಪ್‌ಇಮೇಜ್ ಇಟ್ಟುಕೊಂಡಿದ್ದೇನೆ. ಒಂದೇ ಫೈಲ್, ಹೊಸದು ಸರಿಯಿಲ್ಲ ಅನ್ನಿಸಿದರೆ ಹಳೆಯದನ್ನೇ ತೆಗೆದರಾಯಿತು.

ಮೊದಲ ಪರೀಕ್ಷೆ ಕನ್ನಡ. ಇದರಲ್ಲಿ ಎಡವಿದರೆ ಮಿಕ್ಕದ್ದನ್ನು ನೋಡುವ ಅಗತ್ಯವೇ ಇಲ್ಲ. ನನ್ನ ಪರೀಕ್ಷೆಯ ಪದಗಳು ಇವು: ಶ್ರೀನಿವಾಸಪುರ, ಮಾರ್ಕೆಟ್, ರಾಷ್ಟ್ರೀಯ, ಲಕ್ಷ್ಮಿ, ಸ್ವಾತಂತ್ರ್ಯ. ಒತ್ತು ಸರಿಯಾಗಿ ಕೆಳಗೆ ಕೂತಿದೆಯಾ, ಎರಡೆರಡು ಒತ್ತು ಬಂದಾಗ ಜಾಗ ಬಿಟ್ಟುಕೊಟ್ಟಿದೆಯಾ, ಮಾರ್ಕೆಟ್‌ನ ಅರ್ಕಾವತ್ತು ಕೆ ಆದ ಮೇಲೆ ಬಂದಿದೆಯಾ ಅಂತ ನೋಡುತ್ತೇನೆ. ಆಮೇಲೆ ಅದೇ ಪದಗಳನ್ನು ಬಾಗಿದ ಗೆರೆಯ ಮೇಲೆ ಕೂರಿಸುತ್ತೇನೆ. ಆಟೊ ಹಿಂದುಗಡೆಯ ಗಾಜಿಗೆ ಕಮಾನಿನ ಹಾಗೆ ದೇವರ ಹೆಸರು ಬೇಕು ಅನ್ನುವವರೇ ಜಾಸ್ತಿ, ಅಲ್ವಾ? ಇಂಕ್‌ಸ್ಕೇಪ್ ಅಕ್ಷರ ಜೋಡಿಸುವ ಕೆಲಸವನ್ನು ಪ್ಯಾಂಗೊ ಮತ್ತು ಹಾರ್ಫ್‌ಬಜ್ ಅನ್ನುವ ಲೈಬ್ರರಿಗಳಿಗೆ ಬಿಡುತ್ತದೆ. ಮಿಕ್ಕ ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಕನ್ನಡ ಸರಿಯಾಗಿ ಕಾಣುವುದೂ ಇವುಗಳಿಂದಲೇ. ಹಾಗಾಗಿ ನೇರ ಸಾಲಿನಲ್ಲೂ ಕಮಾನಿನಲ್ಲೂ ಪದಗಳು ಮುರಿಯಲಿಲ್ಲ.

ಟೈಪಿಂಗ್ ಬಗ್ಗೆ ಹೆದರಿಕೆ ಬೇಡ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ. ‘ಮಾರ್ಕೆಟ್‌ನಲ್ಲಿ’ ಅಂತ ಬರೆಯುವಾಗ ಟ ಕೆಳಗೆ ನ ಒತ್ತು ಬೀಳದ ಹಾಗೆ ತಡೆಯಲು ಟೆಕ್ಸ್ಟ್ ಟೂಲ್‌ನಲ್ಲಿ ಕಂಟ್ರೋಲ್ ಮತ್ತು ಯು ಒತ್ತಿ, 200 ಮತ್ತು ಸಿ ಬರೆದು ಎಂಟರ್ ಒತ್ತಿದರೆ ಆಯಿತು.

ಫಾಂಟ್‌ಗಳ ವಿಷಯ ಕೊಂಚ ಜಾಸ್ತಿಯೇ ಹೇಳಬೇಕು, ಏಕೆಂದರೆ ನಮ್ಮ ಕಸುಬಿನಲ್ಲಿ ಅರ್ಧ ತಲೆನೋವು ಅಲ್ಲೇ ಇದೆ. ಇಷ್ಟು ವರ್ಷ ಬೋರ್ಡ್ ಬರೆಸಿದವರ ಫೈಲ್‌ಗಳೆಲ್ಲ ನುಡಿ, ಶ್ರೀಲಿಪಿಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿವೆ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ಗಳು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ತಲೆ ಮೇಲೆ ಚುಕ್ಕೆ ಗೀಟು ಇರುವ ಯಾವುದೋ ದೇಶದ ಇಂಗ್ಲಿಷ್ ಅಕ್ಷರ ಬರುತ್ತವೆ. ನಾನು ಹೊಸ ಕೆಲಸ ಎಲ್ಲವನ್ನೂ, ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ತಂದೆ. ಬೋರ್ಡ್‌ನಲ್ಲಿ ಇರುವುದು ನಾಲ್ಕು ಸಾಲು, ಕನ್ವರ್ಟರ್‌ಗೆ ಕೊಟ್ಟು ಅದು ಮಾಡಿದ ತಪ್ಪು ಹುಡುಕುವುದಕ್ಕಿಂತ ಮತ್ತೆ ಟೈಪ್ ಮಾಡುವುದೇ ಬೇಗ. ಯೂನಿಕೋಡ್‌ನಲ್ಲಿ ಒಳ್ಳೆ ಫಾಂಟ್ ಇಲ್ಲ ಅನ್ನುವ ಮಾತು ಹಳೆಯದಾಯಿತು. ನೋಟೊ ಸ್ಯಾನ್ಸ್, ನೋಟೊ ಸೆರಿಫ್ ಇವೆ. ದಪ್ಪ ದುಂಡು ಅಕ್ಷರಕ್ಕೆ ಬಲೂ ತಮ್ಮ ಇದೆ. ಡೆಬಿಯನ್ ಭಂಡಾರದಲ್ಲೇ ಗುಬ್ಬಿ, ನವಿಲು ಸಿಗುತ್ತವೆ. ನನ್ನ ಅಂಗಡಿಯಲ್ಲಿ ಜಾಸ್ತಿ ಓಡುವುದು ಅನೇಕ್ ಕನ್ನಡ. ಏಕ್ ಟೈಪ್‌ನವರು ಮಾಡಿದ್ದು. ಒಂದೇ ಫಾಂಟ್‌ನಲ್ಲಿ ಅಕ್ಷರವನ್ನು ದಪ್ಪ, ಸಣ್ಣ, ಅಗಲ, ಇಕ್ಕಟ್ಟು ಅಂತ ಎಳೆದು ಹೊಂದಿಸಬಹುದು. ಅದರ ಜೊತೆಗಾರ ಅನೇಕ್ ತೆಲುಗು ಕೂಡ ಇದೆ. ಮುಳಬಾಗಿಲು ಕಡೆಯವರು ಕನ್ನಡದ ಕೆಳಗೆ ತೆಲುಗಿನಲ್ಲೂ ಬರೆಯಿರಿ ಅಂದಾಗ ಎರಡೂ ಒಂದೇ ಕೈಬರಹದ ಹಾಗೆ ಕಾಣುತ್ತವೆ. ಬೋರ್ಡ್‌ನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂದ ಮೇಲೆ ಕನ್ನಡ ಸಾಲು ದೊಡ್ಡದಾಯಿತು, ಫಾಂಟ್‌ನ ಕುಂದುಕೊರತೆಯೂ ದೊಡ್ಡದಾಗಿ ಕಾಣತೊಡಗಿತು.

ಇನ್ನು ಕಟರ್. ವಿಂಡೋಸ್‌ನಲ್ಲಿ ಕಟರ್ ಜೊತೆ ಬರುವ ಸಿ.ಡಿ. ಹಾಕಿದರೆ ಮುಗಿಯಿತು. ಇಲ್ಲಿ ಸ್ವಲ್ಪ ಅರ್ಥ ಮಾಡಿಕೊಂಡು ಮಾಡಬೇಕು. ಅಗ್ಗದ ಕಟರ್‌ಗಳಲ್ಲಿ ಬಹಳಷ್ಟು ಎಚ್‌ಪಿಜಿಎಲ್ ಭಾಷೆ ಬಲ್ಲವು. ಪೆನ್ ಎತ್ತು, ಇಳಿಸು, ಇಲ್ಲಿಂದ ಅಲ್ಲಿಗೆ ಹೋಗು ಅನ್ನುವ ಆಜ್ಞೆಗಳು ಅಷ್ಟೇ. ಅದರ ಒಂದು ಹೆಜ್ಜೆ 0.025 ಮಿಲಿಮೀಟರ್. ಇಂಕ್‌ಸ್ಕೇಪ್ ಒಳಗೇ ಪ್ಲಾಟ್ ಅನ್ನುವ ಎಕ್ಸ್‌ಟೆನ್ಷನ್ ಇದೆ. ನಾನು ಬಳಸುವುದು ಇಂಕ್‌ಕಟ್ ಅನ್ನುವ ಬೇರೆ ಸಾಫ್ಟ್‌ವೇರ್. ಒಂದೇ ಸ್ಟಿಕರ್‌ನ ಹಲವು ಕಾಪಿಗಳನ್ನು ರೋಲ್ ಮೇಲೆ ಸಾಲಾಗಿ ಜೋಡಿಸುತ್ತದೆ, ಬೇಡದ ವಿನೈಲ್ ಕೀಳಲು ಸುಲಭವಾಗುವಂತೆ ಸುತ್ತ ಗೆರೆಯನ್ನೂ ಹಾಕುತ್ತದೆ. ಕಟರ್ ಯುಎಸ್‌ಬಿಯಲ್ಲಿ ಸಿಕ್ಕಿಸಿದರೂ ಲಿನಕ್ಸ್ ಅದನ್ನು ಸೀರಿಯಲ್ ಪೋರ್ಟ್ ಅಂತ ನೋಡುತ್ತದೆ. ಅದಕ್ಕೆ ಬರೆಯುವ ಅನುಮತಿ ಎಲ್ಲರಿಗೂ ಇರುವುದಿಲ್ಲ. ನಿಮ್ಮ ಯೂಸರ್ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ‘ಕಟರ್ ಕಾಣ್ತಾ ಇಲ್ಲ’ ಅನ್ನುವ ಕರೆಗಳಲ್ಲಿ ಬಹುಪಾಲು ಇಷ್ಟಕ್ಕೇ ಮುಗಿಯುತ್ತವೆ.

ಮುಗಿಯದವು ಉಬುಂಟು 22.04 ಅಥವಾ ಅದರ ಮೇಲೆ ಕಟ್ಟಿದ ಮಿಂಟ್ 21 ಇರುವ ಕಡೆ. ಅಲ್ಲಿ ಬ್ರೈಲ್ ಸಾಧನಗಳಿಗೆ ಅಂತ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ, ಸಿಎಚ್340 ಚಿಪ್ ಇರುವ ಕಟರ್ ಕಂಡರೆ ಇದು ನಂದೇ ಅಂತ ಹಿಡಿದುಕೊಳ್ಳುತ್ತದೆ. ಬ್ರೈಲ್ ಸಾಧನ ಬಳಸುವವರು ಯಾರೂ ಇಲ್ಲದಿದ್ದರೆ ಅದನ್ನು ತೆಗೆದುಹಾಕಿ, ಕಟರ್ ಮತ್ತೆ ಬರುತ್ತದೆ. ಗೆಳೆಯರೊಬ್ಬರು ಕೇಬಲ್ ಮೇಲೆ ಕೇಬಲ್ ಬದಲಿಸುತ್ತಾ ಇದ್ದರು. ಕೇಬಲ್ ಪಾಪ ಏನೂ ಮಾಡಿರಲಿಲ್ಲ.

ಕಟರ್ ಮಾತಾಡಲು ಶುರು ಮಾಡಿದ ಮೇಲೆ ಮೊದಲು 100 ಮಿಲಿಮೀಟರ್ ಚೌಕ ಕತ್ತರಿಸಿ ಸ್ಕೇಲ್ ಇಟ್ಟು ನೋಡಿ. ಅಳತೆಯ ಗೊಂದಲಕ್ಕೆ ಕಾರಣ ಇದೆ. ಇಂಕ್‌ಸ್ಕೇಪ್ ಒಂದು ಇಂಚಿಗೆ 96 ಪಿಕ್ಸೆಲ್ ಹಿಡಿಯುತ್ತದೆ, 0.92ಕ್ಕೂ ಹಿಂದಿನದು 90 ಹಿಡಿಯುತ್ತಿತ್ತು, ಇಲಸ್ಟ್ರೇಟರ್ 72. ಇಲಸ್ಟ್ರೇಟರ್‌ನಲ್ಲಿ ಮಾಡಿದ ಎಸ್‌ವಿಜಿ ಅನ್ನುವ ಗೆರೆಚಿತ್ರದ ಫೈಲ್ ಇಲ್ಲಿ ತೆರೆದಾಗ ಮುಕ್ಕಾಲು ಅಳತೆಗೆ ಇಳಿದಿರುವುದು ಇದರಿಂದಲೇ. ಪರದೆ ಮೇಲೆ ಗೊತ್ತಾಗುವುದಿಲ್ಲ, ಗಾಜಿಗೆ ಅಂಟಿಸುವಾಗ ಗೊತ್ತಾಗುತ್ತದೆ.

ಬ್ಲೇಡಿಗೆ ಕನ್ನಡ ಕೊಡುವಾಗ ಇಂಗ್ಲಿಷ್‌ನಲ್ಲಿ ಅಷ್ಟಾಗಿ ಕಾಡದ ಒಂದು ತೊಡಕಿದೆ. ಫಾಂಟ್‌ನಲ್ಲಿ ಮೂಲ ಅಕ್ಷರ ಬೇರೆ, ಒತ್ತು ಬೇರೆ, ದೀರ್ಘ ಬೇರೆ ತುಂಡುಗಳಾಗಿರುತ್ತವೆ. ಅವು ಒಂದರ ಮೇಲೊಂದು ಕೂತು ಪದ ಆಗುತ್ತದೆ. ಪರದೆ ಮೇಲೆ ಎಲ್ಲ ಕಪ್ಪು, ಆದ್ದರಿಂದ ಒಂದೇ ಅಕ್ಷರ ಅನ್ನಿಸುತ್ತದೆ. ಬ್ಲೇಡ್ ಮಾತ್ರ ಪ್ರತಿ ತುಂಡಿನ ಅಂಚನ್ನೂ ಕತ್ತರಿಸುತ್ತದೆ. ಶ್ರೀಯನ್ನು ಹಾಗೇ ಕಳಿಸಿದರೆ ಶ ಮತ್ತು ರ ಒತ್ತು ಸೇರುವ ಜಾಗದಲ್ಲಿ ಅಡ್ಡ ಕತ್ತರಿ ಬಿದ್ದು, ಕೀಳುವಾಗ ಒತ್ತು ಕೈಗೇ ಬರುತ್ತದೆ. ನಾನು ಮಾಡುವ ಕ್ರಮ ಇದು. ಅಕ್ಷರ ಆರಿಸಿ ಶಿಫ್ಟ್ ಕಂಟ್ರೋಲ್ ಸಿ ಒತ್ತಿ ಪಾತ್, ಅಂದರೆ ಬರೀ ಗೆರೆಯ ಆಕಾರ ಮಾಡುವುದು. ಗ್ರೂಪ್ ಬಿಡಿಸುವುದು. ಎಲ್ಲವನ್ನೂ ಆರಿಸಿ ಯೂನಿಯನ್ ಕೊಟ್ಟು ಒಂದೇ ಆಕಾರ ಮಾಡುವುದು, ಅಂದರೆ ಕೋರಲ್‌ನ ವೆಲ್ಡ್. ಆಮೇಲೆ ವ್ಯೂ ಮೆನುವಿನಲ್ಲಿ ಔಟ್‌ಲೈನ್ ಹಾಕಿ ನೋಡುವುದು. ಒಳಗೆ ಒಂದೂ ಅಡ್ಡಗೆರೆ ಇರಬಾರದು. ಅನೇಕ್‌ನಂಥ ಎಳೆದು ಹೊಂದಿಸುವ ವೇರಿಯಬಲ್ ಫಾಂಟ್ ಬಳಸಿದರೆ ಇದನ್ನು ತಪ್ಪಿಸುವಂತೆಯೇ ಇಲ್ಲ, ಅವುಗಳಲ್ಲಿ ಒಂದೇ ಅಕ್ಷರದೊಳಗೂ ಗೆರೆ ಮೇಲೆ ಗೆರೆ ಬಂದಿರುತ್ತದೆ. ದಪ್ಪ ಗೆರೆ ಎಳೆದು ಮಾಡಿದ ಚಿತ್ರವಿದ್ದರೆ ಸ್ಟ್ರೋಕ್ ಟು ಪಾತ್ ಮಾಡಬೇಕು, ಕಟರ್‌ಗೆ ಗೆರೆಯ ದಪ್ಪ ಗೊತ್ತಿಲ್ಲ. ಬ್ಲೇಡಿನ ತುದಿ ನಡುವಿನಿಂದ ಸ್ವಲ್ಪ ಪಕ್ಕಕ್ಕಿರುತ್ತದೆ, ಅದಕ್ಕೆ ಆಫ್‌ಸೆಟ್ 0.25 ಮಿಲಿಮೀಟರ್ ಇಟ್ಟು ಶುರು ಮಾಡಿದರೆ ಮೂಲೆಗಳು ಚೂಪಾಗಿ ಬರುತ್ತವೆ.

ಸ್ಟೆನ್ಸಿಲ್ ಕೆಲಸದಲ್ಲಿ ಇದಕ್ಕಿಂತ ಮಜಾ ಇದೆ. ಮಂಡಿಗಳ ಪ್ಲಾಸ್ಟಿಕ್ ಕ್ರೇಟ್‌ಗಳು ರೈತರ ಹೊಲಕ್ಕೆ ಹೋಗಿ ಎಪಿಎಂಸಿಗೆ ಬಂದು ಮತ್ತೆ ಹೋಗುತ್ತವೆ. ಗುರುತು ಇಲ್ಲದಿದ್ದರೆ ಯಾರದು ಯಾರದೋ ಆಗುತ್ತದೆ. ‘ಲಾರಿ ಮೇಲಿದ್ರೂ ನಮ್ಮ ಕ್ರೇಟು ಅಂತ ಗೊತ್ತಾಗಬೇಕು ಕಣಣ್ಣ, ಅಷ್ಟೇ’ ಅಂತ ಮಂಡಿಯವರೊಬ್ಬರು ಹೇಳಿದ್ದರು. ಅಂದರೆ ದಪ್ಪ ಅಕ್ಷರ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿದ ತೂತು, ಮೇಲೆ ಸ್ಪ್ರೇ. ಇಂಗ್ಲಿಷ್‌ಗೆ ರೆಡಿಮೇಡ್ ಸ್ಟೆನ್ಸಿಲ್ ಫಾಂಟ್ ಸಿಗುತ್ತವೆ. ಕನ್ನಡಕ್ಕೆ ನಾವೇ ಮಾಡಿಕೊಳ್ಳಬೇಕು. ರ ಕತ್ತರಿಸಿದರೆ ನಡುವಿನ ಹೊಟ್ಟೆ ಉದುರಿಹೋಗುತ್ತದೆ. ಸೊನ್ನೆಯದೂ ಅದೇ ಕತೆ, ಮಂಡಿ ಅನ್ನುವ ಪದದಲ್ಲೇ ಒಂದು ಸೊನ್ನೆ ಕೂತಿದೆ. ಠ ಬಂದರೆ ಸುತ್ತಿನ ಒಳಗೆ ಇನ್ನೊಂದು ಚುಕ್ಕೆ.

ಇದಕ್ಕೆ ಸೇತುವೆ ಕಟ್ಟುತ್ತೇನೆ. ಯೂನಿಯನ್ ಆದ ಅಕ್ಷರದ ಮೇಲೆ ಉದ್ದನೆಯ ತೆಳು ಆಯತ ಎಳೆದು, ಒಳಗಿನ ಹೊಟ್ಟೆಯಿಂದ ಹೊರಗಿನ ತನಕ ಹಾಯುವ ಹಾಗೆ ಇಟ್ಟು, ಎರಡನ್ನೂ ಆರಿಸಿ ಡಿಫರೆನ್ಸ್. ಆಯತ ಮೇಲಿರಬೇಕು, ಅಕ್ಷರ ಕೆಳಗೆ. ನಾಲ್ಕು ಇಂಚಿನ ಅಕ್ಷರಕ್ಕೆ ಸೇತುವೆ ಮೂರು ಮಿಲಿಮೀಟರ್ ಇಡುತ್ತೇನೆ. ಅದಕ್ಕಿಂತ ಸಣ್ಣದಾದರೆ ಬಣ್ಣ ಒರೆಸುವಾಗ ಹರಿಯುತ್ತದೆ. ಸೇತುವೆಯನ್ನು ನೆಟ್ಟಗೆ ಇಡದೆ ಅಕ್ಷರದ ಗೆರೆಗೆ ಅಡ್ಡಲಾಗಿ, ಗೆರೆ ಬಾಗಿದ ಕಡೆಗೆ ತಿರುಗಿಸಿ ಇಟ್ಟರೆ ಕಣ್ಣಿಗೆ ಒಪ್ಪುತ್ತದೆ. ಹೀಗೆ ಮಾಡಿದ ಅಕ್ಷರಗಳನ್ನೆಲ್ಲ ಒಂದು ಫೈಲ್‌ನಲ್ಲಿ ಕೂಡಿಸಿಟ್ಟಿದ್ದೇನೆ, ಹೊಸ ಮಂಡಿ ಬಂದರೆ ಅಲ್ಲಿಂದ ಎತ್ತಿ ಜೋಡಿಸುವುದಷ್ಟೇ. ಇಂಕ್‌ಸ್ಕೇಪ್ ಫೈಲ್ ಅಂದರೆ ಎಸ್‌ವಿಜಿ, ವೆಬ್‌ನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2001ರಲ್ಲಿ ಒಪ್ಪಿದ ಮಾದರಿ, ಒಳಗೆ ಬರೀ ಅಕ್ಷರ ರೂಪದ ಬರಹ. ಫೋನ್ ನಂಬರ್ ಬದಲಾದ ಲೇಬಲ್‌ಗಳನ್ನು ಎಷ್ಟೋ ಸಲ ಇಂಕ್‌ಸ್ಕೇಪ್ ತೆರೆಯದೆ ಟೆಕ್ಸ್ಟ್ ಎಡಿಟರ್‌ನಲ್ಲೇ ಹುಡುಕಿ ಬದಲಿಸಿದ್ದೇನೆ.

ಫ್ಲೆಕ್ಸ್ ಬಗ್ಗೆ ಹೇಳಲು ಹೆಚ್ಚಿಲ್ಲ. 10 ಅಡಿಗೆ 4 ಅಡಿ ಬ್ಯಾನರ್, 72 ಡಿಪಿಐ (ಇಂಚಿಗೆ 72 ಚುಕ್ಕೆ) ಅಂದರೆ 8640ಕ್ಕೆ 3456 ಪಿಕ್ಸೆಲ್. ಅಷ್ಟಕ್ಕೆ ಎಕ್ಸ್‌ಪೋರ್ಟ್ ಮಾಡಿ ಕಳಿಸಿದರೆ ಮುಗಿಯಿತು. ಬ್ಲರ್, ನೆರಳು ಜಾಸ್ತಿ ಹಾಕಿದರೆ ಇಂಕ್‌ಸ್ಕೇಪ್ ಏದುಸಿರು ಬಿಡುತ್ತದೆ, ಆ ವಿಷಯದಲ್ಲಿ ಕೋರಲ್ ವಾಸಿ. ಮಾಡುವಾಗ ಔಟ್‌ಲೈನ್ ನೋಟದಲ್ಲಿ ಕೆಲಸ ಮಾಡಿ, ನೆರಳನ್ನು ಕೊನೆಗೆ ಹಾಕುತ್ತೇನೆ. ಪಿಡಿಎಫ್ ಮಾಡುವಾಗ ಈ ಬ್ಲರ್‌ಗಳೆಲ್ಲ ಚಿತ್ರವಾಗುತ್ತವೆ, ಅದರ ಡಿಪಿಐ 96 ಅಂತ ಇರುತ್ತದೆ. ಲೇಬಲ್‌ಗೆ ಅದನ್ನು 300 ಮಾಡಿ.

ಆಫ್‌ಸೆಟ್‌ನಲ್ಲಿ ಇಂಕ್‌ಸ್ಕೇಪ್ ಒಂದರಿಂದ ಕೆಲಸ ಆಗುವುದಿಲ್ಲ. ಇದನ್ನು ಮುಚ್ಚಿಡಬಾರದು. ಅದರ ಪಿಡಿಎಫ್ ಆರ್‌ಜಿಬಿ, ಅಂದರೆ ಪರದೆಯ ಬಣ್ಣದ ಲೆಕ್ಕ, ಪ್ರೆಸ್‌ಗೆ ಬೇಕಾದದ್ದು ಸಿಎಂವೈಕೆ, ಅಂದರೆ ನಾಲ್ಕು ಶಾಯಿಯ ಲೆಕ್ಕ. ಪ್ರೆಸ್‌ನಲ್ಲಿ ತಾನಾಗಿ ಬದಲಾಯಿಸಿದರೆ ಕಪ್ಪು ಅಕ್ಷರ ಬರೀ ಕಪ್ಪು ಪ್ಲೇಟಿನಲ್ಲಿ ಬರದೆ ನಾಲ್ಕೂ ಪ್ಲೇಟಿಗೆ ಹಂಚಿಹೋಗುತ್ತದೆ. ಹಾಳೆ ಒಂದು ಕೂದಲೆಳೆ ಸರಿದರೂ ಸಣ್ಣ ಒತ್ತುಗಳಿಗೆ ಬಣ್ಣದ ನೆರಳು ಬೀಳುತ್ತದೆ. ಕನ್ನಡದ ಒತ್ತಕ್ಷರಕ್ಕೆ ಇದು ಇಂಗ್ಲಿಷ್‌ಗಿಂತ ಬೇಗ ಹೊಡೆತ ಕೊಡುತ್ತದೆ. ಅದಕ್ಕೆ ಪುಟ ಜೋಡಿಸುವ ಸಾಫ್ಟ್‌ವೇರ್ ಸ್ಕ್ರೈಬಸ್ ಜೊತೆಗಿಟ್ಟುಕೊಂಡೆ. ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಮುಗಿಸಿ, ಅಕ್ಷರವನ್ನು ಪಾತ್ ಮಾಡಿ, ಎಸ್‌ವಿಜಿಯನ್ನು ಸ್ಕ್ರೈಬಸ್‌ಗೆ ತರುತ್ತೇನೆ. ಅಲ್ಲಿ ಪ್ರತಿ ಬಣ್ಣವೂ ಹೆಸರಿನ ಸಮೇತ ಪಟ್ಟಿಗೆ ಬರುತ್ತದೆ. ಕಪ್ಪನ್ನು ಕೆ (ಕಪ್ಪು ಶಾಯಿ) 100 ಮಾಡಿ ಮಿಕ್ಕದ್ದು ಸೊನ್ನೆ ಇಡುವುದು, ಮಾವಿನ ಹಳದಿ, ಎಲೆಯ ಹಸಿರನ್ನು ಬಣ್ಣದ ಚಾರ್ಟ್ ನೋಡಿ ಹೊಂದಿಸುವುದು, ಪ್ರೆಸ್‌ಗೆಂದೇ ಇರುವ ಪಿಡಿಎಫ್ ಎಕ್ಸ್ ಮಾದರಿಯಲ್ಲಿ ಉಳಿಸುವುದು. ಸ್ಕ್ರೈಬಸ್‌ನ ಹಳೆಯ 1.4ರಲ್ಲಿ ಕನ್ನಡ ಒತ್ತು ಮುರಿದು ಬೀಳುತ್ತಿತ್ತು. 2024ರಲ್ಲಿ ಬಂದ 1.6ರಲ್ಲಿ ಸರಿಯಾಗಿದೆ, ಆದ್ದರಿಂದ ಬಿಲ್ ಪುಸ್ತಕದಂಥ ಬರಹ ಜಾಸ್ತಿ ಇರುವ ಕೆಲಸವನ್ನು ಅಲ್ಲೇ ಟೈಪ್ ಮಾಡುತ್ತೇನೆ. ಒಂದೇ ಬಣ್ಣದ ಸ್ಕ್ರೀನ್ ಪ್ರಿಂಟ್ ಆದರೆ ಈ ಸುತ್ತು ಬೇಡ. ಅಚ್ಚ ಕಪ್ಪಿನಲ್ಲಿ ಪ್ರಿಂಟ್ ತೆಗೆದು ಫಿಲ್ಮ್ ಮಾಡಿಸಿದರಾಯಿತು.

ಇನ್ನು ಗಿರಾಕಿಗಳು ತರುವ ಸಿಡಿಆರ್. ಲಿಬ್‌ಸಿಡಿಆರ್ ಅನ್ನುವ ಲೈಬ್ರರಿಯಿಂದ ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಎರಡೂ ಅದನ್ನು ತೆರೆಯುತ್ತವೆ. ಕರ್ವ್ ಮಾಡಿದ, ಅಂದರೆ ಅಕ್ಷರವನ್ನು ಆಕಾರವಾಗಿಸಿದ ಹಳೆಯ ಫೈಲ್‌ಗಳು ಚೆನ್ನಾಗಿ ಬರುತ್ತವೆ. ಕರ್ವ್ ಮಾಡದ ಆಸ್ಕಿ ಕನ್ನಡ ಬರುವುದಿಲ್ಲ, ಆಕಾರದೊಳಗೆ ಚಿತ್ರ ಕೂರಿಸುವ ಪವರ್‌ಕ್ಲಿಪ್ ಕೆಲವು ಸಲ ಅಡ್ಡಾದಿಡ್ಡಿ ಆಗುತ್ತದೆ. ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗಲೇ ‘ಕರ್ವ್ ಮಾಡಿ ಪಿಡಿಎಫ್ ಕೊಡಿ ಸಾರ್’ ಅಂತ ಹೇಳಿಬಿಡುತ್ತೇನೆ. ಕರ್ವ್ ಮಾಡದ ಪಿಡಿಎಫ್ ಬಂದರೂ ಪಾಪ್ಲರ್ ಆಮದು ಆರಿಸಿಕೊಂಡರೆ ಅಕ್ಷರಗಳು ಆಕಾರಗಳಾಗಿ ಬರುತ್ತವೆ, ಫಾಂಟ್ ಪಿಡಿಎಫ್ ಒಳಗೆ ಸೇರಿರಬೇಕು ಅಷ್ಟೇ.

ಅಂಗಡಿಯ ಹುಡುಗ ಕೋರಲ್‌ನಲ್ಲಿ ಕಲಿತವನು. ಮೊದಮೊದಲು ‘ಇದರಲ್ಲಿ ಏನೂ ಸಿಗಲ್ಲಣ್ಣ’ ಅಂತ ಗೊಣಗುತ್ತಿದ್ದ. ಪ್ರಿಫರೆನ್ಸಸ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್‌ಗಳಿಗೆ ಕೋರಲ್‌ಡ್ರಾದ ಪಟ್ಟಿ ರೆಡಿಯಾಗಿ ಸಿಗುತ್ತದೆ, ಅದನ್ನು ಹಾಕಿಕೊಟ್ಟ ಮೇಲೆ ಗೊಣಗಾಟ ನಿಂತಿತು. ಪವರ್‌ಕ್ಲಿಪ್‌ಗೆ ಕ್ಲಿಪ್, ಕಾಂಟೂರ್‌ಗೆ ಔಟ್‌ಸೆಟ್ ಅಂತ ಒಂದು ಚೀಟಿ ಬರೆದು ಮಾನಿಟರ್ ಪಕ್ಕ ಅಂಟಿಸಿದ್ದಾನೆ. ಹಲವು ಪುಟಗಳ ಕೆಲಸ 1.2ರಿಂದ ಒಂದೇ ಫೈಲ್‌ನಲ್ಲಿ ಆಗುತ್ತದೆ, ಅದು ಅವನಿಗೆ ಇಷ್ಟವಾಗಿದೆ. ಇನ್ನೂ ಆಗದಿರುವುದು ಒಂದು: ಹೊಸ ಆವೃತ್ತಿಯ ಸಿಡಿಆರ್ ಮಾತ್ರ ಇದೆ, ಮಾಡಿದವರು ಊರಲ್ಲಿಲ್ಲ ಅನ್ನುವ ಗಿರಾಕಿ. ಅಂಥದ್ದು ಬಂದರೆ ಕೋರಲ್ ಇರುವ ಪರಿಚಯದವರ ಅಂಗಡಿಗೆ ಪೆನ್‌ಡ್ರೈವ್ ಕಳಿಸಿ ಪಿಡಿಎಫ್ ಮಾಡಿಸಿಕೊಳ್ಳುತ್ತೇನೆ. ಅವರ ಸ್ಟೆನ್ಸಿಲ್‌ಗಳಿಗೆ ಸೇತುವೆ ಹಾಕಿಕೊಡುವುದು ನಾನೇ ಆದ್ದರಿಂದ ಅದಕ್ಕೆ ಅವರು ದುಡ್ಡು ಕೇಳುವುದಿಲ್ಲ.